ಹ್ಮಾಂಗ್‌ಟೌನ್ ಮಾರ್ಕೆಟ್‌ಪ್ಲೇಸ್: ಫುಡ್‌ಕೋರ್ಟ್ ದಾಟಿ ಸೊಪ್ಪಿನ ಸಾಲಿಗೆ ಬನ್ನಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್‌ನ ಹ್ಮಾಂಗ್‌ಟೌನ್ ಮಾರ್ಕೆಟ್‌ಪ್ಲೇಸ್ ಅಂದ ಕೂಡಲೇ ಎಲ್ಲರೂ ಹೇಳುವುದು ಅಲ್ಲಿನ ಫುಡ್‌ಕೋರ್ಟ್ ಬಗ್ಗೆ. ಶ್ಯಾವಿಗೆ ತುಂಬಿದ ಕೋಳಿ ರೆಕ್ಕೆ, ಹಂದಿ ಸಾಸೇಜ್, ಎಗ್ ರೋಲ್, ಪಪ್ಪಾಯಿ ಸಲಾಡ್. ನಮ್ಮ ಆಫೀಸಿನವರೂ ಶುಕ್ರವಾರ ಮಧ್ಯಾಹ್ನ ಒಂದು ಕಾರಿನಲ್ಲಿ ತುಂಬಿಕೊಂಡು ಹೋಗುವುದು ಅದಕ್ಕೇ. ಚೆನ್ನಾಗಿರುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ಮಾರುಕಟ್ಟೆಯ ಅಸಲಿ ಮಾಲು ಇರುವುದು ಸೊಪ್ಪು ಮಾರುವ ಅಜ್ಜಿಯರ ಮೇಜಿನ ಮೇಲೆ. ಹ್ಮಾಂಗ್ ಮನೆಗಳಲ್ಲಿ ದಿನಾ ತಿನ್ನುವುದು ಕರಿದ ರೆಕ್ಕೆಯನ್ನಲ್ಲ. ಬೇಯಿಸಿದ ಸೊಪ್ಪು, ಬೇಯಿಸಿದ ಕೋಳಿ, ಅನ್ನ, ಪಕ್ಕಕ್ಕೆ ಕುಟ್ಟಿದ ಖಾರ. ಎಣ್ಣೆ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಈ ಊಟ ಬೇಕಿದ್ದರೆ ಸಾಮಾನು ತಂದು ಮನೆಯಲ್ಲೇ ಮಾಡಿಕೊಳ್ಳಬೇಕು. ನಾನು ಬರೆಯುತ್ತಿರುವುದು ಹಾಗೆ ಮಾಡಿಕೊಳ್ಳುವ ಮನಸ್ಸಿರುವವರಿಗೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹ್ಮಾಂಗರು ದಕ್ಷಿಣ ಚೀನಾದಿಂದ ಲಾವೋಸ್, ವಿಯೆಟ್ನಾಂ, ಥಾಯ್ಲೆಂಡ್ ಬೆಟ್ಟಗಳಿಗೆ ಹರಡಿದ ಬೇಸಾಯದ ಜನ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸಿಐಎ ಲಾವೋಸಿನಲ್ಲಿ ಗುಟ್ಟಾಗಿ ಇನ್ನೊಂದು ಯುದ್ಧ ನಡೆಸಿತು. ಜನರಲ್ ವಾಂಗ್ ಪಾವ್ ಕೈಕೆಳಗೆ ಅದರಲ್ಲಿ ಹೋರಾಡಿದ್ದು ಹ್ಮಾಂಗ್ ಗಂಡಸರು, ಮೀಸೆ ಮೂಡದ ಹುಡುಗರು. 1975ರಲ್ಲಿ ಅಮೆರಿಕ ಅಲ್ಲಿಂದ ಕಾಲು ಕಿತ್ತಿತು. ಸಾವಿರಾರು ಕುಟುಂಬಗಳು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಬಾನ್ ವಿನಾಯ್‌ನಂಥ ನಿರಾಶ್ರಿತರ ಶಿಬಿರ ಸೇರಿದವು. ಅಲ್ಲಿಂದ ಕ್ಯಾಲಿಫೋರ್ನಿಯಾ, ವಿಸ್ಕಾನ್ಸಿನ್, ಮಿನ್ನೆಸೋಟ. 2010ರ ಜನಗಣತಿಯ ಹೊತ್ತಿಗೇ ಮಿನ್ನೆಸೋಟದಲ್ಲಿ 66 ಸಾವಿರ ಹ್ಮಾಂಗರಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದ ಸುನಿಸಾ ಲೀ ಇದೇ ಸೇಂಟ್ ಪಾಲ್ ಹುಡುಗಿ.

ಮಾರುಕಟ್ಟೆ ಇರುವುದು ಕೋಮೋ ಅವೆನ್ಯೂನಲ್ಲಿ, ರಾಜ್ಯದ ಕ್ಯಾಪಿಟಲ್ ಕಟ್ಟಡಕ್ಕೆ ಹತ್ತಿರದಲ್ಲೇ. ಮೊದಲು ಅದು ಮರದ ದಿಮ್ಮಿ, ಹಲಗೆ ಮಾರುವ ಅಡ್ಡೆಯಾಗಿತ್ತು. 2004ರಲ್ಲಿ ತೂವಾ ಶಿಯಾಂಗ್ ಅದನ್ನು ಮಾರುಕಟ್ಟೆ ಮಾಡಿದರು. ಒಳಗೆ ಸಣ್ಣ ಸಣ್ಣ ಮಳಿಗೆಗಳ ಸಾಲು: ಕಸೂತಿಯ ಬಟ್ಟೆ, ಬೆಳ್ಳಿ ಸರ, ಒಣಗಿಸಿದ ಬೇರು, ಪಾತ್ರೆ, ಮೊಬೈಲ್ ಕವರ್, ಎಲ್ಲ. ಬೇಸಿಗೆಯಲ್ಲಿ ಹೊರಗಡೆ ರೈತರ ಸಂತೆಯೂ ಸೇರುತ್ತದೆ. ನಾನು ರಾಜ್ಯ ಸರ್ಕಾರದ ಒಂದು ಇಲಾಖೆಗೆ ಸಾಫ್ಟ್‌ವೇರ್ ಕೆಲಸ ಮಾಡುವವನು. ಆಫೀಸಿನಿಂದ ಹತ್ತಿರ. ಆದರೂ ವರ್ಷಗಟ್ಟಲೆ ಫುಡ್‌ಕೋರ್ಟ್‌ನಲ್ಲಿ ತಿಂದು ವಾಪಸ್ ಬರುತ್ತಿದ್ದೆ. ತರಕಾರಿ ಸಾಲಿಗೆ ನನ್ನನ್ನು ಎಳೆದುಕೊಂಡು ಹೋಗಿದ್ದು ನಮ್ಮವ್ವ.

ಅವ್ವ ಮದ್ದೂರಿನಿಂದ ಬಂದಿದ್ದು ನನ್ನ ಹೆಂಡತಿಯ ಬಾಣಂತನಕ್ಕೆ. ಬಂದ ವಾರದಲ್ಲೇ ನಮ್ಮ ಬಡಾವಣೆಯ ಇಂಡಿಯನ್ ಅಂಗಡಿಯ ಸೊಪ್ಪು ನೋಡಿ ಮುಖ ಸಿಂಡರಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತ ಮೆಂತ್ಯ, ತುದಿ ಕಪ್ಪಾದ ಸಬ್ಬಸಿಗೆ. "ಇದ ದನಕ್ ಹಾಕುದ್ರೂ ಮೂಸಲ್ಲ ಕಣ್ಲಾ" ಅಂದರು. ಅವರನ್ನು ಹ್ಮಾಂಗ್‌ಟೌನ್‌ಗೆ ಕರೆದುಕೊಂಡು ಹೋದಾಗ ಫುಡ್‌ಕೋರ್ಟ್ ಕಡೆ ತಿರುಗಿಯೂ ನೋಡಲಿಲ್ಲ. ಹೊರಗಿನ ಮೇಜುಗಳ ಮುಂದೆ ನಿಂತುಬಿಟ್ಟರು.

ಯಾಕೆ ಅಂತ ಹೇಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಆ ಮೇಜುಗಳ ಮೇಲೆ ಏನೇನಿರುತ್ತದೆ ನೋಡಿ. ಕುಂಬಳದ ಕುಡಿ, ಎಳೆ ಬಳ್ಳಿ, ಹೂವು ಸಮೇತ. ಹಾಗಲಕಾಯಿ ಮಾತ್ರ ಅಲ್ಲ, ಹಾಗಲದ ಕುಡಿಯೂ. ಸಾಸಿವೆ ಸೊಪ್ಪು, ಬಸಳೆ, ಮಾರುದ್ದದ ಅಲಸಂದೆ ಕಾಯಿ, ಹೀರೆಕಾಯಿ, ಕೆಸುವಿನ ಗಡ್ಡೆ, ಹಸಿರು ಗುಂಡು ಬದನೆ, ಅದಕ್ಕಿಂತ ಕಹಿಯ ಪುಟ್ಟ ಬದನೆ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಗರಗಸದಂಥ ಅಂಚಿನ ಉದ್ದೆಲೆಯ ಕೊತ್ತಂಬರಿ, ನಾಲ್ಕಾರು ಬಗೆಯ ತುಳಸಿ ಪುದೀನ, ಸೂಜಿಮೆಣಸಿನಕಾಯಿಯ ರಾಶಿ. ಎಷ್ಟೋ ಕಡೆ ಬೆಳೆದವರೇ ಎದುರಿಗೆ ಕೂತಿರುತ್ತಾರೆ. ಬೆಳಗ್ಗೆ ಕೊಯ್ದದ್ದು ಅಂತ ತೊಟ್ಟು ನೋಡಿದರೇ ಗೊತ್ತಾಗುತ್ತದೆ. ಕಟ್ಟಿಗೆ ಎರಡು ಮೂರು ಡಾಲರ್. ಅಜ್ಜಿಯರಲ್ಲಿ ಹಲವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಮ್ಮವ್ವನಿಗೂ ಅಷ್ಟೇ. ಇಬ್ಬರೂ ಬೆರಳಲ್ಲೇ ಲೆಕ್ಕ ಮುಗಿಸಿದರು. ಅವ್ವ ಅರ್ಧ ಡಾಲರ್ ಇಳಿಸುವುದಕ್ಕೂ ನೋಡಿದರು. ಆ ಅಜ್ಜಿ ದುಡ್ಡು ಇಳಿಸಲಿಲ್ಲ, ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕಿದರು.

ಈಗ ಅಡುಗೆಗೆ ಬರೋಣ. ಹ್ಮಾಂಗ್ ಮನೆಯೂಟದ ಕಟ್ಟು ಸರಳ: ಅನ್ನ, ಒಂದಿಷ್ಟು ಮಾಂಸ, ನೀರು ನೀರಾದ ಸೊಪ್ಪಿನ ಸಾರು, ಖಾರ. ನನಗೆ ಇದನ್ನು ಹೇಳಿಕೊಟ್ಟವರು ಆಫೀಸಿನ ಹ್ಮಾಂಗ್ ಸಹೋದ್ಯೋಗಿ. ಅವರೂ ಅವರಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೇ ಹೇಳಿದ್ದು. ಅಳತೆ ಕೇಳಿದರೆ ಆ ಕಡೆಯಿಂದ ನಗು ಬರುತ್ತಿತ್ತಂತೆ.

ಮೊದಲು ಕಲಿಯಬೇಕಾದದ್ದು ಝೌ ಚುವಾ. ನೀರು ಕುದಿಸಿ, ಸೊಪ್ಪು ಹಾಕಿ, ಮೆತ್ತಗಾದ ಮೇಲೆ ಇಳಿಸುವುದು. ಅಷ್ಟೇ! ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಉಪ್ಪೂ ಇಲ್ಲ. ಕುಂಬಳದ ಕುಡಿಯಾದರೆ ನಾರು ಸುಲಿದು ಹಾಕಬೇಕು. ಎಳೆ ಕಾಯಿ ಸಿಕ್ಕರೆ ಅದನ್ನೂ ಹೋಳು ಮಾಡಿ ಸೇರಿಸಬಹುದು, ನೀರಿಗೆ ತಾನಾಗಿ ಸಿಹಿ ಬರುತ್ತದೆ. ಸೊಪ್ಪು ತಿನ್ನುತ್ತಾ ಆ ನೀರನ್ನು ಕುಡಿಯುತ್ತಾರೆ. ಊಟದ ಜೊತೆ ಬೇರೆ ನೀರು ಬೇಕಾಗುವುದಿಲ್ಲ.

ಓದಿದರೆ ಸಪ್ಪೆ ಅನ್ನಿಸುತ್ತದೆ, ಅಲ್ವಾ? ಖಾರ ಬೇರೆ ಇದೆಯಲ್ಲ, ಕುವಾ ತ್ಸ. ಸೂಜಿಮೆಣಸಿನಕಾಯಿ, ಉಪ್ಪು ಕುಟ್ಟಾಣಿಗೆ ಹಾಕಿ ಕುಟ್ಟಿ, ಕೊತ್ತಂಬರಿ, ಈರುಳ್ಳಿ ಸೊಪ್ಪು ಸೇರಿಸಿ ಮತ್ತೆ ಕುಟ್ಟಿ, ನಿಂಬೆರಸ ಹಿಂಡಿ, ಸ್ವಲ್ಪ ಫಿಶ್ ಸಾಸ್. ಸಪ್ಪೆ ಸೊಪ್ಪಿಗೆ ಬೆರಳ ತುದಿಯಷ್ಟು ತಾಗಿಸಿಕೊಂಡರೆ ಸಾಕು, ಕಣ್ಣು ಬಿಡುವಂತಾಗುತ್ತದೆ.

ಮಂಡ್ಯ, ಹಾಸನದ ಕಡೆಯವರಿಗೆ ಇಷ್ಟರಲ್ಲೇ ಹೊಳೆದಿರುತ್ತದೆ. ಮೊದಲ ಸಲ ಇದನ್ನು ಮಾಡಿ ಅವ್ವನ ಮುಂದೆ ಇಟ್ಟಾಗ ಒಂದು ಗುಟುಕು ಕುಡಿದು, ಖಾರ ನೆಕ್ಕಿ ಅಂದರು: "ಅಯ್ಯೋ, ಉಪ್ಸಾರೇ ಕಣ್ ಮಗಾ ಇದು. ಕಾಳು ಹಾಕಿಲ್ಲ, ಅಷ್ಟೇಯ." ಪೂರ್ತಿ ನಿಜ ಅಲ್ಲ. ಉಪ್ಸಾರಿನ ನೀರಿಗೆ ಉಪ್ಪು ಬೀಳುತ್ತದೆ, ಖಾರಕ್ಕೆ ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಬರುತ್ತದೆ. ಆದರೆ ಸೊಪ್ಪನ್ನು ಬೇಯಿಸಿ ಸುಮ್ನೆ ಬಿಟ್ಟು, ರುಚಿಯನ್ನು ತಟ್ಟೆ ಪಕ್ಕದಲ್ಲಿ ಇಟ್ಟುಕೊಳ್ಳುವ ಲೆಕ್ಕ ಒಂದೇ. ಹಾಗಾಗಿ ನಮ್ಮ ಮನೆಯಲ್ಲಿ ಝೌ ಚುವಾ ಜೊತೆ ಅನ್ನದ ಬದಲು ರಾಗಿ ಮುದ್ದೆ ನಡೆಯುತ್ತದೆ. ಸಹೋದ್ಯೋಗಿಗೆ ಫೋಟೊ ತೋರಿಸಿದೆ. ಮುದ್ದೆಯನ್ನು ಯಾಕೆ ಅಗಿಯಬಾರದು ಅಂತ ಅರ್ಥ ಮಾಡಿಸುವುದರಲ್ಲಿ ಊಟದ ಬ್ರೇಕ್ ಮುಗಿಯಿತು.

ಎರಡನೆಯದು ಕೋಳಿ. ಇದಕ್ಕೋಸ್ಕರವಾದರೂ ಈ ಮಾರುಕಟ್ಟೆಗೆ ಹೋಗಬೇಕು. ಸೊಪ್ಪಿನ ಮೇಜುಗಳಲ್ಲಿ ಬೇರೆ ಬೇರೆ ಎಲೆಗಳನ್ನು ಒಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಿರುತ್ತವೆ. ಮೊದಲ ನೋಟಕ್ಕೆ ಹಿತ್ತಲಿನಲ್ಲಿ ಕಿತ್ತು ತಂದ ಕಳೆಯೇನೋ ಅನ್ನಿಸಬೇಕು. ಅವು ಕೋಳಿ ಸಾರಿನ ಔಷಧಿ ಸೊಪ್ಪು. ಹ್ಮಾಂಗ್ ಮನೆಗಳಲ್ಲಿ ಹೆರಿಗೆಯಾದ ಮೇಲೆ ಒಂದು ತಿಂಗಳು ಬಾಣಂತಿಗೆ ಕೊಡುವುದು ಬಿಸಿ ಅನ್ನ ಮತ್ತು ಈ ಸೊಪ್ಪು ಹಾಕಿ ಬೇಯಿಸಿದ ಕೋಳಿ. ತಣ್ಣೀರು ಮುಟ್ಟುವ ಹಾಗಿಲ್ಲ. ಕಟ್ಟಿನಲ್ಲಿ ಹುಲ್ಲಿನ ಥರ ಕಾಣುವ ಒಂದು ಗಿಡ ಇರುತ್ತದೆ, ಅದು ನಮ್ಮ ಬಜೆಯ ಹತ್ತಿರದ ಸಂಬಂಧಿ. ಅವ್ವ ಅದನ್ನು ಉಗುರಲ್ಲಿ ಚಿವುಟಿ ಮೂಸಿ ನೋಡಿದರು. ಮಗುವಿಗೆ ತೇಯಲು ಊರಿಂದ ತಂದಿದ್ದ ಬಜೆ ಕೊಂಬು ಅವರ ಪೆಟ್ಟಿಗೆಯಲ್ಲೇ ಇತ್ತು. ಆಮೇಲೆ ಆ ಮೇಜಿನ ಅಜ್ಜಿಗೆ ನನ್ನ ಹೆಂಡತಿಯನ್ನು ತೋರಿಸಿ, ತೋಳಲ್ಲಿ ಮಗು ತೂಗುವ ಹಾಗೆ ಮಾಡಿ ತೋರಿಸಿದರು. ಆ ಅಜ್ಜಿ ಕೈಯಲ್ಲಿದ್ದ ಕಟ್ಟನ್ನು ಇಟ್ಟು, ಮೇಜಿನ ಕೆಳಗಿಂದ ಇನ್ನೊಂದು ದಪ್ಪ ಕಟ್ಟು ತೆಗೆದುಕೊಟ್ಟರು. ಬಾಣಂತಿಗೆ ಕೊಡುವ ಮೊದಲು ನಾವು ಡಾಕ್ಟರನ್ನು ಕೇಳಿದೆವು. ಪರಿಚಯವಿಲ್ಲದ ಎಲೆ ಅಂದಮೇಲೆ ನೀವೂ ಕೇಳಿ.

ಮಾಡುವುದು ಹೀಗೆ. ಬ್ರಾಯ್ಲರ್ ಬೇಡ. ಮೊಟ್ಟೆ ಇಟ್ಟು ಮುಗಿಸಿದ ಹೇಂಟೆ ಮಾರುಕಟ್ಟೆಯ ಫ್ರೀಜರಿನಲ್ಲಿ ಸಿಗುತ್ತದೆ, ಕಪ್ಪು ಚರ್ಮದ ಕೋಳಿಯೂ ಸಿಗುತ್ತದೆ. ನಾಟಿ ಕೋಳಿ ತಿಂದು ಬೆಳೆದವರಿಗೆ ಈ ಹೇಂಟೆಯೇ ಸರಿ. ಮೂಳೆ ಸಮೇತ ಸಣ್ಣ ತುಂಡು ಮಾಡಿ, ಕುದಿಯುವ ನೀರಿಗೆ ಹಾಕಿ, ಮೇಲೆ ಬರುವ ನೊರೆ ತೆಗೆಯುತ್ತಿರಬೇಕು. ಮಜ್ಜಿಗೆ ಹುಲ್ಲಿನ ಬುಡ ಎರಡು ಜಜ್ಜಿ ಹಾಕಿ, ಉಪ್ಪು ಹಾಕಿ. ಎಳೆ ಕೋಳಿಗೆ ಮುಕ್ಕಾಲು ಗಂಟೆ, ಹೇಂಟೆಗೆ ಒಂದೂವರೆ ಗಂಟೆ. ಸಮಯವಿಲ್ಲದಿದ್ದರೆ ಕುಕ್ಕರ್, ಯಾರೂ ಬೈಯಲ್ಲ. ಸೊಪ್ಪಿನ ಕಟ್ಟು ಹಾಕುವುದು ಕೊನೆಯ ಐದು ಹತ್ತು ನಿಮಿಷದಲ್ಲಿ. ಕರಿಮೆಣಸಿನ ಪುಡಿ ಉದುರಿಸಿ ಇಳಿಸಿ. ಈರುಳ್ಳಿ, ತೆಂಗಿನಕಾಯಿ, ಮಸಾಲೆ ಏನೂ ಇಲ್ಲದ ಕೋಳಿ ಸಾರು ಹೇಗಿರುತ್ತದೆ ಅಂತ ನನಗೂ ಅನುಮಾನವಿತ್ತು. ಕೋಳಿಯ ರುಚಿ ಕೋಳಿಯದ್ದೇ ಆಗಿರುತ್ತದೆ, ಅದೇ ಅದರ ವಿಶೇಷ. ಆರಿದ ಮೇಲೆ ಮೇಲೆ ನಿಲ್ಲುವ ಕೊಬ್ಬನ್ನು ಚಮಚದಲ್ಲಿ ತೆಗೆದುಬಿಟ್ಟರೆ ಇನ್ನೂ ಹಗುರ. ಸಾಸಿವೆ ಸೊಪ್ಪನ್ನು ಹಂದಿ ಮೂಳೆ ಜೊತೆ ಬೇಯಿಸುವುದು ಅವರಲ್ಲಿ ಇಷ್ಟೇ ಮಾಮೂಲು. ನಮ್ಮನೆಯಲ್ಲಿ ಹಂದಿ ತಿನ್ನಲ್ಲ, ಹಾಗಾಗಿ ಟೋಫು ಹಾಕುತ್ತೇವೆ. ಪರವಾಗಿಲ್ಲ, ಆದರೆ ಮೂಳೆಯ ಗಟ್ಟಿತನ ಬರುವುದಿಲ್ಲ.

ಪಾತ್ರೆ ಸಾಮಾನಿನ ಮಳಿಗೆಯಲ್ಲಿ ಎರಡು ವಸ್ತು ಕೊಳ್ಳಬಹುದು. ಒಂದು, ಅಂಟಕ್ಕಿ ಬೇಯಿಸುವ ಜೋಡಿ: ಕುತ್ತಿಗೆ ಸಣ್ಣದಾದ ಅಲ್ಯೂಮಿನಿಯಂ ಪಾತ್ರೆ, ಅದರ ಬಾಯಿಗೆ ಕೂರುವ ಬಿದಿರಿನ ಚೂಪು ಬುಟ್ಟಿ. ನಾನು ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದ ಬುಟ್ಟಿ ಸಿಬಿರು ಸಿಬಿರು. ಅನ್ನದಲ್ಲಿ ಬಿದಿರಿನ ಎಳೆ ಸಿಗುತ್ತಿತ್ತು. ಅಂಗಡಿಯಲ್ಲಾದರೆ ಕೈಯಾಡಿಸಿ ನೋಡಿ ಆರಿಸಬಹುದು. ಅಂಚು ಮಡಿಸಿ ಹೊಲಿದದ್ದು, ಒಳಗೆ ನುಣುಪಾಗಿರುವುದನ್ನು ತೆಗೆದುಕೊಳ್ಳಿ. ಹೊಸ ಬುಟ್ಟಿಯನ್ನು ನೀರಲ್ಲಿ ನೆನೆಸಿ, ಒಂದು ಸಲ ಖಾಲಿ ಹಬೆ ಕೊಟ್ಟು ಆಮೇಲೆ ಬಳಸಿ, ಹಸಿ ಬಿದಿರಿನ ವಾಸನೆ ಹೋಗುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಿಸದಿದ್ದರೆ ಬೂಷ್ಟು ಗ್ಯಾರಂಟಿ. ಇಂಡಕ್ಷನ್ ಒಲೆಯವರಿಗೆ ಈ ಪಾತ್ರೆ ಕೆಲಸಕ್ಕೆ ಬಾರದು, ಅಲ್ಯೂಮಿನಿಯಂ ಕಾಯುವುದಿಲ್ಲ. ಅಂಥವರು ಬುಟ್ಟಿ ಮಾತ್ರ ಕೊಂಡು ಮನೆಯ ಸ್ಟೀಲ್ ಪಾತ್ರೆಯ ಮೇಲೆ ಕೂರಿಸಿ, ಸಂದಿಗೆ ಒದ್ದೆ ಬಟ್ಟೆ ಸುತ್ತಿದರೆ ನಡೆಯುತ್ತದೆ.

ಅಂಟಕ್ಕಿಯನ್ನು ರಾತ್ರಿಯಿಡೀ ನೆನೆಸಬೇಕು. ನೀರು ಬಸಿದು ಬುಟ್ಟಿಗೆ ಹಾಕಿ ಇಪ್ಪತ್ತೈದು ನಿಮಿಷ ಹಬೆ. ನಡುವೆ ಒಂದು ಸಲ ಬುಟ್ಟಿ ಕುಲುಕಿ ಅನ್ನವನ್ನು ಮಗುಚಬೇಕು. ನಾಲ್ಕೈದು ಪಾಲು ಬಿಳಿ ಅಂಟಕ್ಕಿಗೆ ಒಂದು ಪಾಲು ಕಪ್ಪು ಅಂಟಕ್ಕಿ ಸೇರಿಸಿ ನೆನೆಸಿದರೆ ಎಲ್ಲವೂ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೋಡಲು ಬಲು ಚೆಂದ. ಆದರೆ ಒಂದು ಮಾತು: ಕಪ್ಪಕ್ಕಿ ಬಿದ್ದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರು ಧೈರ್ಯವಾಗಿ ತಿನ್ನಬಹುದು ಅಂತಲ್ಲ. ಅಂಟಕ್ಕಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಹ್ಮಾಂಗ್ ಮನೆಗಳಲ್ಲೂ ಅದು ಹೆಚ್ಚಾಗಿ ಹಬ್ಬ, ಪಿಕ್ನಿಕ್‌ಗೆ. ದಿನದ ಊಟಕ್ಕೆ ಮಾಮೂಲಿ ಉದುರಕ್ಕಿ.

ಇನ್ನೊಂದು ವಸ್ತು ಕುಟ್ಟಾಣಿ. ಮಣ್ಣಿನ ಎತ್ತರದ ಕುಟ್ಟಾಣಿ, ಮರದ ಒನಕೆ ಇರುವುದು ಪಪ್ಪಾಯಿ ಸಲಾಡ್‌ಗೆ. ಖಾರ ಅರೆಯಲು ಅದು ಸಾಲದು, ಕಲ್ಲಿನದ್ದೇ ಬೇಕು. ಊರಿಂದ ತಂದ ಕಲ್ಲಿದ್ದರೆ ಸಾಕು, ಖರ್ಚು ಮಾಡಬೇಡಿ. ಮಿಕ್ಸಿಯಲ್ಲಿ ರುಬ್ಬಿದರೆ ಕೊತ್ತಂಬರಿ ನೀರಾಗಿ ಚಟ್ನಿಯಾಗುತ್ತದೆ.

ಈ ಊಟ ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುವುದು ಷರತ್ತು ಹಾಕಿಯೇ. ಫಿಶ್ ಸಾಸ್ ಒಂದು ದೊಡ್ಡ ಚಮಚದಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಮೆರಿಕದ ಸರ್ಕಾರಿ ಸಲಹೆ ಪ್ರಕಾರ ಇಡೀ ದಿನಕ್ಕೆ 2,300 ಮಿಲಿಗ್ರಾಂ ದಾಟಬಾರದು. ಅಂದರೆ ಸೊಪ್ಪಿಗೆ ಉಪ್ಪು ಹಾಕದೆ ಉಳಿಸಿದ್ದನ್ನೆಲ್ಲ ಖಾರದ ಬಟ್ಟಲಲ್ಲಿ ಕಳೆದುಬಿಡಬಹುದು. ನಾನು ಫಿಶ್ ಸಾಸ್ ಟೀ ಚಮಚದಲ್ಲಿ ಅಳೆಯುತ್ತೇನೆ, ನಿಂಬೆಹಣ್ಣು ಧಾರಾಳವಾಗಿ ಹಿಂಡುತ್ತೇನೆ. ಕುಟ್ಟುವಾಗ ಅಜಿನೊಮೊಟೊ ಹಾಕುವ ರೂಢಿಯೂ ಬಹಳ ಮನೆಗಳಲ್ಲಿದೆ. ಬಿಟ್ಟರೆ ರುಚಿಗೆ ದೊಡ್ಡ ನಷ್ಟವಿಲ್ಲ. ಇಲ್ಲಿನ ಹ್ಮಾಂಗರಲ್ಲಿ ಗೌಟ್ ಅನ್ನುವ ಕೀಲುನೋವಿನ ಕಾಯಿಲೆ, ಸಕ್ಕರೆ ಕಾಯಿಲೆ ಜಾಸ್ತಿ ಇರುವುದನ್ನು ಡಾಕ್ಟರುಗಳು ಅಧ್ಯಯನ ಮಾಡಿಯೇ ಹೇಳಿದ್ದಾರೆ. ಬೆಟ್ಟದಲ್ಲಿ ಗದ್ದೆ ಹೊಲ ಮಾಡುತ್ತಾ ಹಬ್ಬಕ್ಕೆ ಮಾಂಸ ತಿನ್ನುತ್ತಿದ್ದವರು ಇಲ್ಲಿ ಬಂದು ದಿನಾ ಮಾಂಸ, ದಿನಾ ಸೋಡಾ, ಕೂತು ಮಾಡುವ ಕೆಲಸ. ನಮ್ಮ ಕಥೆ ಬೇರೆಯೇನಲ್ಲ ಬಿಡಿ.

ಸಸ್ಯಾಹಾರಿಗಳಿಗೆ ಫುಡ್‌ಕೋರ್ಟ್ ಕಷ್ಟ. ಪಪ್ಪಾಯಿ ಸಲಾಡ್‌ನಲ್ಲೂ ಮೀನು ಸಾಸ್, ಸಿಗಡಿ, ಏಡಿ ಪೇಸ್ಟ್ ಏನಾದರೊಂದು ಇರುತ್ತದೆ. ತರಕಾರಿ ಸಾಲು ಮಾತ್ರ ನಿಮ್ಮದೇ. ಝೌ ಚುವಾ ಪೂರ್ತಿ ಸಸ್ಯಾಹಾರ. ಖಾರಕ್ಕೆ ಉಪ್ಪು, ನಿಂಬೆರಸ, ಎರಡು ತೊಟ್ಟು ಸೋಯಾ ಸಾಸ್ ಸಾಕು. ಸಿಹಿ ಬೇಕಾದರೆ ನಾಬ್ ವಾಮ್ ಅಂತ ಒಂದಿದೆ, ತೆಂಗಿನ ಹಾಲಿನಲ್ಲಿ ಬಣ್ಣ ಬಣ್ಣದ ಸಾಬಕ್ಕಿ. ನನ್ನ ಹೆಂಡತಿಗೆ ಪ್ರಾಣ. ಅದನ್ನು ಆರೋಗ್ಯದ ಪಟ್ಟಿಗೆ ಸೇರಿಸುವಂತಿಲ್ಲ.

ಅಡುಗೆ ಬೇಡ, ಒಮ್ಮೆ ರುಚಿ ನೋಡಿದರೆ ಸಾಕು ಅನ್ನುವವರಿಗೆ ಮಿನ್ನಿಯಾಪೊಲಿಸ್‌ನಲ್ಲಿ 2024ರಲ್ಲಿ ತೆರೆದ ವಿನಾಯ್ ಅನ್ನುವ ಹ್ಮಾಂಗ್ ರೆಸ್ಟೋರೆಂಟ್ ಇದೆ. ಅದರ ಶೆಫ್ ಯಿಯಾ ವಾಂಗ್ ಹುಟ್ಟಿದ್ದು ಬಾನ್ ವಿನಾಯ್ ಶಿಬಿರದಲ್ಲಿ; ಹೆಸರು ಅಲ್ಲಿಂದಲೇ. ಸೇಂಟ್ ಪಾಲ್‌ನ ಪೂರ್ವ ಭಾಗದಲ್ಲಿ 2010ರಲ್ಲಿ ಶುರುವಾದ ಹ್ಮಾಂಗ್ ವಿಲೇಜ್ ಅನ್ನುವ ಇನ್ನೊಂದು ಮಾರುಕಟ್ಟೆಯೂ ಇದೆ, ನಿಮಗೆ ಅದು ಹತ್ತಿರವಾದರೆ ಅಲ್ಲೂ ಇದೇ ಸಾಮಾನು ಸಿಗುತ್ತದೆ. ವಾರಾವಾರ ಅಲೆಯಲು ಆಗದವರು ಹ್ಮಾಂಗ್ ಅಮೆರಿಕನ್ ರೈತರ ಸಂಘದ ತರಕಾರಿ ಪೆಟ್ಟಿಗೆಗೆ ಚಂದಾ ಕಟ್ಟಬಹುದು. 2011ರಲ್ಲಿ ಶುರುವಾದ ಸಂಘ, ಡಕೋಟಾ ಕೌಂಟಿಯಲ್ಲಿ 155 ಎಕರೆ ಜಮೀನಿನಲ್ಲಿ ಅದರ ಕುಟುಂಬಗಳು ಬೆಳೆಯುತ್ತವೆ. ಪೆಟ್ಟಿಗೆಯಲ್ಲಿ ಏನು ಬರುತ್ತದೋ ಅದನ್ನೇ ಬೇಯಿಸಬೇಕು, ಅದು ಕೆಲವರಿಗೆ ಹಿಡಿಸುವುದಿಲ್ಲ. ನನಗೆ ಆರಿಸಿ ತರುವುದೇ ಇಷ್ಟ.

ಹೋಗುವವರಿಗೆ: ಶನಿವಾರ ಭಾನುವಾರ ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಜನ ಜಾಸ್ತಿ, ಕುಡಿಗಳೂ ಬಾಡಿರುತ್ತವೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಬಟ್ಟೆ ಚೀಲ ಒಯ್ಯಿರಿ. ಯಾವ ಸೊಪ್ಪು ಅಂತ ಗೊತ್ತಾಗದಿದ್ದರೆ ಅಮ್ಮಂದಿರ ಜೊತೆ ಕೂತಿರುವ ಶಾಲೆ ಮಕ್ಕಳನ್ನು ಕೇಳಿ, ಚೆನ್ನಾಗಿ ಹೇಳುತ್ತಾರೆ. ಮೊದಲ ಮಂಜು ಬಿದ್ದರೆ ಕುಂಬಳದ ಕುಡಿ, ಹಾಗಲದ ಕುಡಿ ಎಲ್ಲ ಮುಗಿಯಿತು. ಆಮೇಲೆ ಒಳಗಿನ ಮಳಿಗೆಗಳಲ್ಲಿ ಸಿಗುವುದು ಹೆಚ್ಚಾಗಿ ದೂರದಿಂದ ಲಾರಿಯಲ್ಲಿ ಬಂದ ಸಾಸಿವೆ ಸೊಪ್ಪು. ಅದಕ್ಕೇ ಸೆಪ್ಟೆಂಬರ್ ಕೊನೆಯಲ್ಲಿ ಕೋಳಿ ಸೊಪ್ಪಿನ ಕಟ್ಟುಗಳನ್ನು ಜಾಸ್ತಿ ತಂದು, ತೊಳೆದು, ನೀರು ಆರಿಸಿ, ಒಂದೊಂದು ಸಾರಿಗೆ ಆಗುವಷ್ಟು ಚೀಲಕ್ಕೆ ತುಂಬಿ ಫ್ರೀಜರಿಗೆ ಹಾಕಿಡಿ. ಮಜ್ಜಿಗೆ ಹುಲ್ಲನ್ನೂ ಹಾಗೇ ಇಡಬಹುದು. ಕೊತ್ತಂಬರಿ ಮಾತ್ರ ಇಡಬೇಡಿ, ಕರಗಿ ಲೋಳೆಯಾಗುತ್ತದೆ.